ಗ್ಯಾಸಿನ ಮೇಲೆ ಎಸ್‌ಯುವಿ, ಬೆನ್ನಿಗೆ ಟ್ರೇಲರ್

ಪುಣೆಯ ಕರ್ವೆನಗರದಲ್ಲಿ ಉಡುಪಿ ಹೋಟೆಲು ನಡೆಸುವ ನನ್ನ ಪರಿಚಯದವರೊಬ್ಬರು ಮದುವೆ, ಮುಂಜಿ, ಗೃಹಪ್ರವೇಶಗಳ ಊಟದ ಗುತ್ತಿಗೆಯನ್ನೂ ಹಿಡಿಯುತ್ತಾರೆ. ದೋಸೆ ಕಾವಲಿ, ಇಡ್ಲಿ ಪೆಟ್ಟಿಗೆ, ರುಬ್ಬುವ ಯಂತ್ರ, ದೊಡ್ಡ ಒಲೆಗಳು ಎಲ್ಲವನ್ನೂ ಜೋಡಿಸಿಕೊಂಡ ಒಂದು ಟ್ರೇಲರ್ ಅವರಲ್ಲಿದೆ; ಸಾಮಾನು ತುಂಬಿದಾಗ ಅದರ ತೂಕ ಹತ್ತಿರ ಹತ್ತಿರ ಒಂದು ಟನ್ ಆಗುತ್ತದೆ. ಅದನ್ನು ಎಳೆಯುವುದು ಅವರ ಎರಡು ಲೀಟರ್ ಎಂಜಿನ್ನಿನ ಹಳೆಯ ಪೆಟ್ರೋಲ್ ಎಸ್‌ಯುವಿ. ಒಂದು ಸಂಜೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಪೆಟ್ರೋಲ್ ಬಿಲ್ಲುಗಳನ್ನು ಎಣಿಸುತ್ತಿದ್ದವರು ನನ್ನನ್ನು ಕೇಳಿದರು: “ಮಾರಾಯ್ರೆ, ಅಡುಗೆಮನೆಯಲ್ಲಿ ದಿನಾ ಉರಿಸುವುದು ಗ್ಯಾಸೇ. ಗಾಡಿಗೂ ಅದನ್ನೇ ಮಾಡಿಸಿದರೆ ಆವರೇಜು ಎಷ್ಟು ಸಿಕ್ಕೀತು?” ಮೈಲೇಜಿಗೆ ಆವರೇಜು ಎನ್ನುವುದು ಪುಣೆ, ಮುಂಬಯಿ ಕಡೆಯ ರೂಢಿ. ಆ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡಲು ಹೋಗಿ ನಾನು ಎಡವಿದೆ, ಏಕೆಂದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿದ್ದವು: ಎಲ್‌ಪಿಜಿಯಲ್ಲಿ ಮೈಲೇಜ್ ಹೆಚ್ಚುತ್ತದೆಯೇ, ಖರ್ಚು ಕಡಿಮೆಯಾಗುತ್ತದೆಯೇ, ಒಂದು ಟನ್ ಭಾರ ಎಳೆಯುವ ಎಂಜಿನ್ನು ಅದನ್ನು ತಾಳುತ್ತದೆಯೇ. ಮೊದಲನೆಯದಕ್ಕೆ ಉತ್ತರ ಇಲ್ಲ, ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಉತ್ತರ, ಪೆಟ್ರೋಲ್ ಗಾಡಿಯನ್ನು ಗ್ಯಾಸಿನಲ್ಲೂ ಓಡುವಂತೆ ಮಾಡುವ ಕಿಟ್ ಕೂಡಿಸುವವನ ಕೈಯಲ್ಲಿಯೂ ಓಡಿಸುವವನ ಬಲಗಾಲಿನಲ್ಲಿಯೂ ಇದೆ.

ಮೈಲೇಜಿನ ವಿಚಾರ ಮೊದಲು. ಎಲ್‌ಪಿಜಿ ಎಂಬುದು ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಒತ್ತಡದಲ್ಲಿಟ್ಟಾಗ ಅದು ದ್ರವವಾಗುತ್ತದೆ. ತೂಕದ ಲೆಕ್ಕದಲ್ಲಿ ಅದು ಪೆಟ್ರೋಲಿಗಿಂತ ತುಸು ಹೆಚ್ಚೇ ಶಕ್ತಿಯುಳ್ಳದ್ದು: ಒಂದು ಕಿಲೋಗ್ರಾಮಿನಲ್ಲಿ ಸುಮಾರು 46 ಮೆಗಾಜೂಲ್, ಪೆಟ್ರೋಲಿನಲ್ಲಿ 43ರಿಂದ 44. ಆದರೆ ದ್ರವರೂಪದ ಎಲ್‌ಪಿಜಿ ಬಹಳ ಹಗುರ, ಒಂದು ಲೀಟರ್ ಕೇವಲ 540 ಗ್ರಾಮಿನಷ್ಟು ತೂಗುತ್ತದೆ. ಪೆಟ್ರೋಲಾದರೆ 740 ಗ್ರಾಮಿನ ಆಸುಪಾಸು. ಹೀಗಾಗಿ ಲೀಟರಿನ ಲೆಕ್ಕದಲ್ಲಿ ಎಲ್‌ಪಿಜಿಯಲ್ಲಿ ಸುಮಾರು 25 ಮೆಗಾಜೂಲ್, ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ನಮ್ಮ ಪಂಪುಗಳಲ್ಲಿ ಈಗ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದು 30ಕ್ಕೆ ಇಳಿದಿರುವುದರಿಂದ ಎರಡರ ನಡುವಿನ ಅಂತರ ಮೊದಲಿಗಿಂತ ಕಿರಿದಾಗಿದೆ ಎಂಬುದು ನಿಜ, ಆದರೂ ಅಂತರ ಅಂತರವೇ. ಪೆಟ್ರೋಲಿನಲ್ಲಿ ಲೀಟರಿಗೆ 10 ಕಿಲೋಮೀಟರ್ ಓಡುವ ಗಾಡಿ ಎಲ್‌ಪಿಜಿಯಲ್ಲಿ ಲೀಟರಿಗೆ 8 ಕಿಲೋಮೀಟರ್ ಓಡಿದರೆ ಕಿಟ್ ಸರಿಯಾಗಿ ಕೂತಿದೆ ಎಂದೇ ಅರ್ಥ. ಗ್ಯಾಸು ಹಾಕಿಸಿದ ಮೇಲೆ ಮೈಲೇಜ್ ಹೆಚ್ಚಿತು ಎನ್ನುವವರು ಬಹುಪಾಲು ಕಿಲೋಗ್ರಾಮನ್ನೂ ಲೀಟರನ್ನೂ ಕಲಸಿಕೊಂಡಿರುತ್ತಾರೆ. ಪುಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಿಎನ್‌ಜಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಆಟೋ ಎಲ್‌ಪಿಜಿಯನ್ನು ಲೀಟರ್ ಲೆಕ್ಕದಲ್ಲಿ. ಕಿಲೋಗೆ ಇಷ್ಟು ಕಿಲೋಮೀಟರ್ ಎಂಬ ಅಂಕಿಯನ್ನು ಲೀಟರಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಯಾವ ಇಂಧನವೂ ಗೆಲ್ಲಬಹುದು, ಯಾವುದೂ ಸೋಲಬಹುದು.

ಹಾಗಾದರೆ ಉಳಿತಾಯ ಎಲ್ಲಿಂದ ಬರುತ್ತದೆ? ಬೆಲೆಯಿಂದ ಮಾತ್ರ. ಬೆಲೆಗಳು ಆಗಾಗ ಬದಲಾಗುವುದರಿಂದ ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಎಲ್‌ಪಿಜಿ 60 ರೂಪಾಯಿ ಎಂದು ಇಟ್ಟುಕೊಳ್ಳೋಣ. ಓದುವವರು ತಮ್ಮ ಪಂಪಿನ ದರವನ್ನು ಹಾಕಿಕೊಳ್ಳಬಹುದು. ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 10 ರೂಪಾಯಿ, ಎಲ್‌ಪಿಜಿಯಲ್ಲಿ ಏಳೂವರೆ. ಅಂದರೆ ಕಿಲೋಮೀಟರಿಗೆ ಉಳಿಯುವುದು ಎರಡೂವರೆ ರೂಪಾಯಿ. ಮೈಲೇಜ್ ಶೇಕಡಾ 20ರಷ್ಟು ಇಳಿಯುವುದರಿಂದ ಎಲ್‌ಪಿಜಿಯ ದರ ಪೆಟ್ರೋಲ್ ದರದ ಶೇಕಡಾ 80ಕ್ಕೆ ಮುಟ್ಟಿದ ದಿನ ಈ ಉಳಿತಾಯ ಸೊನ್ನೆಯಾಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಕಿಟ್ಟಿಗೂ ಕೂಲಿಗೂ ಸೇರಿ 60,000 ರೂಪಾಯಿ ಆಯಿತೆಂದರೆ ಆ ಹಣ ಮರಳಲು 24,000 ಕಿಲೋಮೀಟರ್ ಓಡಿಸಬೇಕು. ಇನ್ನೊಂದು ಮಾತೂ ಇದೆ: ಎಂಜಿನ್ನು ತಣ್ಣಗಿರುವಾಗ ಗಾಡಿ ಪೆಟ್ರೋಲಿನಲ್ಲೇ ಶುರುವಾಗಿ, ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ಹೊರಳುತ್ತದೆ. ಕರ್ವೆನಗರದಿಂದ ಡೆಕ್ಕನ್ನಿಗೆ ತರಕಾರಿ ತರಲು ಹೋಗಿಬರುವವರಿಗೆ ದಾರಿಯ ದೊಡ್ಡ ಪಾಲು ಪೆಟ್ರೋಲಿನಲ್ಲೇ ಮುಗಿದುಹೋಗುತ್ತದೆ. ದಿನಕ್ಕೆ ಏಳೆಂಟು ಕಿಲೋಮೀಟರ್ ಓಡಿಸುವವರು ಈ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಟ್ರೇಲರ್ ಕಟ್ಟಿದ ಕೂಡಲೇ ಈ ಲೆಕ್ಕ ಕುತೂಹಲಕರವಾಗಿ ತಿರುಗುತ್ತದೆ. ಭಾರ ಎಳೆಯುವಾಗ ಅದೇ ಗಾಡಿ ಪೆಟ್ರೋಲಿನಲ್ಲಿ ಲೀಟರಿಗೆ 7 ಕಿಲೋಮೀಟರಿಗೆ ಇಳಿಯಿತು ಎನ್ನಿ. ಎಲ್‌ಪಿಜಿಯಲ್ಲಿ ಅದು 5.6 ಆಗುತ್ತದೆ. ಕೇಳಲು ಬೇಸರದ ಅಂಕಿಯೇ, ಆದರೆ ಕಿಲೋಮೀಟರಿಗೆ 14 ರೂಪಾಯಿ 30 ಪೈಸೆ ಆಗುತ್ತಿದ್ದದ್ದು 10 ರೂಪಾಯಿ 70 ಪೈಸೆಗೆ ಬಂದು, ಉಳಿತಾಯ ಎರಡೂವರೆ ರೂಪಾಯಿಯಿಂದ ಮೂರೂವರೆ ರೂಪಾಯಿಗೆ ಏರುತ್ತದೆ. ಕಿಟ್ಟಿನ ಹಣ 17,000 ಕಿಲೋಮೀಟರಿನೊಳಗೆ ಮರಳುತ್ತದೆ. ಹೆಚ್ಚು ಕುಡಿಯುವ ಗಾಡಿಗೇ ಎಲ್‌ಪಿಜಿ ಹೆಚ್ಚು ಲಾಭ ತರುತ್ತದೆ ಎಂಬ ಈ ವಿಚಿತ್ರದಿಂದಲೇ ಸಣ್ಣ ಕಾರಿಗಿಂತ ದೊಡ್ಡ ಪೆಟ್ರೋಲ್ ಎಸ್‌ಯುವಿಯ ಒಡೆಯರಿಗೆ ಈ ಇಂಧನ ಆಕರ್ಷಕವಾಗಿ ಕಾಣುವುದು. ಆದರೆ ಉಳಿತಾಯವನ್ನು ಹೆಚ್ಚಿಸುವ ಆ ಭಾರವೇ ಎಂಜಿನ್ನಿನ ಕಷ್ಟವನ್ನೂ ಹೆಚ್ಚಿಸುತ್ತದೆ, ಮತ್ತು ಕಷ್ಟ ಎಷ್ಟು ಎಂಬುದನ್ನು ಘಾಟಿನಲ್ಲಿ ಲೆಕ್ಕ ಹಾಕಿ ನೋಡಬೇಕು.

ಖೋಪೋಲಿಯಿಂದ ಖಂಡಾಳಕ್ಕೆ ಹತ್ತುವ ಬೋರ್ ಘಾಟನ್ನೇ ತೆಗೆದುಕೊಳ್ಳೋಣ. ಮುಂಬಯಿಯಲ್ಲಿ ಊಟದ ಕೆಲಸ ಮುಗಿಸಿ ಪುಣೆಗೆ ಮರಳುವಾಗ ಗಾಡಿ ಅಲ್ಲಿ ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಬೇಕಾಗುತ್ತದೆ. ಎಸ್‌ಯುವಿ ಜನರೊಂದಿಗೆ 1,900 ಕಿಲೋ, ಟ್ರೇಲರ್ 1,000 ಕಿಲೋ, ಒಟ್ಟು 2,900 ಕಿಲೋ. ನೂರು ಮೀಟರಿಗೆ 6 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗ ಕಾಪಾಡಿಕೊಳ್ಳಲು, ಕೇವಲ ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 24 ಕಿಲೋವ್ಯಾಟ್ ಬೇಕು; ಟೈರುಗಳ ಉರುಳಾಟದ ತಡೆ ಮತ್ತು ಗಾಳಿಯ ತಡೆಯನ್ನು ಸೇರಿಸಿದರೆ ಚಕ್ರಗಳಲ್ಲಿ 30 ಕಿಲೋವ್ಯಾಟಿಗೂ ಮೇಲೆ, ಅಂದರೆ 40 ಅಶ್ವಶಕ್ತಿಗೂ ಹೆಚ್ಚು ಶಕ್ತಿ ಇರಬೇಕು. ಟ್ರೇಲರ್ ಇಲ್ಲದಿದ್ದರೆ 20 ಕಿಲೋವ್ಯಾಟ್ ಸಾಕು. ಎಂಜಿನ್ನಿನ ಒಟ್ಟು ಸಾಮರ್ಥ್ಯದ ಮುಂದೆ ಇದು ದೊಡ್ಡದಲ್ಲ, ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಗಾಡಿಗೆ ನೀರು ಕುಡಿದಷ್ಟು ಸಲೀಸು ಎಂದು ಅನ್ನಿಸಬಹುದು. ವ್ಯತ್ಯಾಸವಿರುವುದು ಅವಧಿಯಲ್ಲಿ. ಊರೊಳಗೆ ಓಡುವ ಎಂಜಿನ್ನು ಈ ಪ್ರಮಾಣದ ಕೆಲಸವನ್ನು ಒಮ್ಮೆಗೆ ನಾಲ್ಕೈದು ಸೆಕೆಂಡ್ ಮಾಡಿ ಉಸಿರುಬಿಡುತ್ತದೆ; ಘಾಟಿನಲ್ಲಿ ಅದನ್ನು ಕಾಲು ಗಂಟೆ ಬಿಡದೆ ಮಾಡಬೇಕು, ಅದೂ ಕೆಳಗಿನ ಗೇರಿನಲ್ಲಿ ಹೆಚ್ಚಿನ ಸುತ್ತುಗಳಲ್ಲಿ. ಆ ಕಾಲು ಗಂಟೆಯಲ್ಲಿ ಎಲ್‌ಪಿಜಿ ವ್ಯವಸ್ಥೆಯ ಎರಡು ಭಾಗಗಳು ಪರೀಕ್ಷೆಗೆ ಒಳಗಾಗುತ್ತವೆ: ಗ್ಯಾಸನ್ನು ಆವಿ ಮಾಡುವ ರೆಡ್ಯೂಸರ್ ಮತ್ತು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ, ಗಾಳಿಗೂ ಹೊಗೆಗೂ ದಾರಿ ತೆರೆದು ಮುಚ್ಚುವ ವಾಲ್ವುಗಳು ಕೂರುವ ವಾಲ್ವ್ ಸೀಟುಗಳು.

ರೆಡ್ಯೂಸರಿನ ಕೆಲಸ ಏನೆಂದು ನಮ್ಮ ಹೋಟೆಲಿನವರಿಗೆ ತಿಳಿಸಲು ನಾನು ಅವರನ್ನು ಅವರದೇ ಅಡುಗೆಮನೆಯ ಹಿಂಬಾಗಿಲಿಗೆ ಕರೆದುಕೊಂಡು ಹೋದೆ. ಬೆಳಗಿನ ಏಳು ಗಂಟೆ, ಮೂರು ಒಲೆಗಳು ಒಟ್ಟಿಗೆ ಭುಸುಗುಡುತ್ತಿದ್ದವು. 19 ಕಿಲೋದ ನೀಲಿ ಸಿಲಿಂಡರಿನ ಕೆಳಭಾಗದಲ್ಲಿ ಬೆವರು ಮೂಡಿ, ಅದರ ಮೇಲೆ ತೆಳ್ಳನೆಯ ಬಿಳಿ ಮಂಜು ಕಟ್ಟಿತ್ತು. ಹುಡುಗನೊಬ್ಬ ಅಭ್ಯಾಸಬಲದಿಂದ ಅದರ ಸುತ್ತ ಬಿಸಿನೀರು ಸುರಿಯುತ್ತಿದ್ದ. ಬಿಸಿನೀರು ಸುರಿಯುವುದು ತಪ್ಪು ಎಂದು ಅವನಿಗೆ ಹೇಳಿದ್ದಾಯಿತು, ಆದರೆ ಪಾಠ ಅಲ್ಲೇ ಇತ್ತು. ಅಡುಗೆ ಸಿಲಿಂಡರಿನಲ್ಲಿ ಗ್ಯಾಸು ದ್ರವದ ಮೇಲಿನ ಆವಿಯಿಂದ ಹೊರಬರುತ್ತದೆ, ಹೊರಬಂದಷ್ಟೂ ದ್ರವ ಕುದಿದು ಹೊಸ ಆವಿಯಾಗುತ್ತದೆ, ಕುದಿಯಲು ಬೇಕಾದ ಶಾಖವನ್ನು ಸಿಲಿಂಡರಿನ ಉಕ್ಕಿನಿಂದಲೂ ಸುತ್ತಲಿನ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಎಳೆತ ಜೋರಾದಾಗ ಉಕ್ಕು ಮಂಜುಗಟ್ಟುತ್ತದೆ, ಜ್ವಾಲೆ ಸೊರಗುತ್ತದೆ. ಘಾಟು ಹತ್ತುವ ನಮ್ಮ ಗಾಡಿಗೆ ಗಂಟೆಗೆ ಎಂಟೂವರೆ ಕಿಲೋಗಿಂತ ಹೆಚ್ಚು ಗ್ಯಾಸು ಬೇಕು, ಅಂದರೆ ಅಂಥ ಒಂದು ಸಿಲಿಂಡರ್ ಎರಡು ಗಂಟೆ ದಾಟುವಷ್ಟರಲ್ಲಿ ಖಾಲಿ. ಆವಿಯನ್ನು ಆ ವೇಗದಲ್ಲಿ ಹೊರಗೆಳೆದರೆ ಯಾವ ಟ್ಯಾಂಕೂ ಹೆಪ್ಪುಗಟ್ಟುತ್ತದೆ. ಆದ್ದರಿಂದ ಗಾಡಿಯ ಟ್ಯಾಂಕಿನ ತಳದಿಂದ ಆವಿಯ ಬದಲು ದ್ರವವನ್ನೇ ತೆಗೆದು, ಬಾನೆಟ್ಟಿನ ಕೆಳಗಿರುವ ರೆಡ್ಯೂಸರಿಗೆ ಕಳುಹಿಸಲಾಗುತ್ತದೆ. ಅಲ್ಲಿ ಎಂಜಿನ್ನಿನ ಬಿಸಿ ಕೂಲಂಟ್ ನೀರು ಅದನ್ನು ಆವಿ ಮಾಡುತ್ತದೆ. ನಮ್ಮ ಘಾಟಿನ ಲೆಕ್ಕಕ್ಕೆ ಬೇಕಾಗುವ ಶಾಖ ಸುಮಾರು 900 ವ್ಯಾಟ್, ಒಂದು ಇಸ್ತ್ರಿಪೆಟ್ಟಿಗೆಯನ್ನು ಸತತವಾಗಿ ಉರಿಸಿದಷ್ಟು.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಎಂಜಿನ್ನು ಬಿಸಿಯಾಗುವ ತನಕ ಗಾಡಿ ಏಕೆ ಪೆಟ್ರೋಲಿನಲ್ಲೇ ಓಡುತ್ತದೆ ಎಂಬುದು ಒಂದು. ರೆಡ್ಯೂಸರುಗಳನ್ನು ಎಂಜಿನ್ನಿನ ಶಕ್ತಿಗೆ ತಕ್ಕಂತೆ ಬೇರೆ ಬೇರೆ ಅಳತೆಗಳಲ್ಲಿ ಮಾಡಿರುತ್ತಾರೆ ಎಂಬುದು ಇನ್ನೊಂದು. ಸಣ್ಣ ಕಾರಿಗೆ ತಂದಿಟ್ಟದ್ದನ್ನು ಎಸ್‌ಯುವಿಗೆ ಹಾಕಿದರೆ ಊರೊಳಗೆ ಯಾವ ತೊಂದರೆಯೂ ಕಾಣಿಸದೆ, ಭಾರದೊಂದಿಗೆ ಏರುವಾಗ ಮಾತ್ರ ಗ್ಯಾಸಿನ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದರೆ ಮಿಶ್ರಣದಲ್ಲಿ ಗ್ಯಾಸು ಕಡಿಮೆಯಾಗಿ ಗಾಳಿ ಹೆಚ್ಚಾಗುತ್ತದೆ, ಭಾರ ಹೊತ್ತಿರುವಾಗಲೇ ಉರಿ ತೀಕ್ಷ್ಣವಾಗುತ್ತದೆ, ಮತ್ತು ಅದರ ಏಟು ನೇರವಾಗಿ ವಾಲ್ವುಗಳಿಗೆ ಬೀಳುತ್ತದೆ. ಕಿಟ್ ಕೂಡಿಸುವವನಿಗೆ ಗ್ರಾಹಕ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಈ ರೆಡ್ಯೂಸರ್ ಎಷ್ಟು ಕಿಲೋವ್ಯಾಟ್ ಎಂಜಿನ್ನಿಗೆ ಎಂಬುದು. ಹಾಗೆಯೇ ಎಂಜಿನ್ನಿಗೆ ಗ್ಯಾಸನ್ನು ಅಳೆದುಕೊಡುವ ಗ್ಯಾಸ್ ಕಂಪ್ಯೂಟರಿನ ಹೊಂದಾಣಿಕೆಯನ್ನು ಗ್ಯಾರೇಜಿನ ನೆರಳಿನಲ್ಲಿ, ನಿಂತ ಗಾಡಿಯಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ರೂಢಿಗೆ ಟ್ರೇಲರ್ ಎಳೆಯುವವರು ಒಪ್ಪಬಾರದು. ಲ್ಯಾಪ್‌ಟಾಪನ್ನು ಗಾಡಿಗೆ ಜೋಡಿಸಿ, ಟ್ರೇಲರನ್ನೂ ಕಟ್ಟಿಕೊಂಡು, ಕಾತ್ರಜ್ ಘಾಟು ಒಮ್ಮೆ ಹತ್ತಿ ಇಳಿದು, ಗ್ಯಾಸಿನಲ್ಲೂ ಪೆಟ್ರೋಲಿನಲ್ಲೂ ಮಿಶ್ರಣ ಒಂದೇ ಹದದಲ್ಲಿದೆಯೇ ಎಂದು ನೋಡಿಸುವುದು ಅರ್ಧ ದಿನದ ಕೆಲಸ. ಆ ಅರ್ಧ ದಿನದ ಕೂಲಿ ಕೊಡಲು ಹಿಂಜರಿಯುವವರು ಆಮೇಲೆ ಹೆಡ್ ಬಿಚ್ಚಿಸುವ ಕೂಲಿ ಕೊಡುತ್ತಾರೆ.

ಇನ್ನು ಶಕ್ತಿಯ ಮಾತು. ಗ್ಯಾಸಿನಲ್ಲಿ ಗಾಡಿಗೆ ದಮ್ ಇರುವುದಿಲ್ಲ ಎಂಬ ದೂರಿಗೆ ಕಾರಣವಿದೆ. ಆವಿರೂಪದ ಪ್ರೊಪೇನ್ ಎಂಜಿನ್ನಿನೊಳಗೆ ಹೋಗುವಾಗ ಗಾಳಿಗೆ ಇರಬೇಕಾದ ಜಾಗದಲ್ಲಿ ಸುಮಾರು ಶೇಕಡಾ 4ರಷ್ಟನ್ನು ತಾನೇ ಆಕ್ರಮಿಸುತ್ತದೆ. ಪೆಟ್ರೋಲಿನ ಹನಿಗಳು ಒಳಬರುವ ಗಾಳಿಯಲ್ಲೇ ಆವಿಯಾಗುತ್ತ ಅದನ್ನು ತಂಪು ಮಾಡಿ ಸಾಂದ್ರಗೊಳಿಸುವ ಉಪಕಾರವೂ ಇಲ್ಲಿ ತಪ್ಪಿಹೋಗುತ್ತದೆ, ಏಕೆಂದರೆ ಗ್ಯಾಸು ಆಗಲೇ ಬಿಸಿಯಾಗಿ ಬಂದಿರುತ್ತದೆ. ಹಳೆಯ ಮಿಕ್ಸರ್ ಕಿಟ್ಟುಗಳು ಗಾಳಿಯ ಕೊಳವೆಯಲ್ಲೇ ಒಂದು ಇಕ್ಕಟ್ಟನ್ನು ಸೃಷ್ಟಿಸಿ ಗ್ಯಾಸನ್ನು ಎಳೆದುಕೊಳ್ಳುತ್ತಿದ್ದುದರಿಂದ ನಷ್ಟ ಇನ್ನೂ ಹೆಚ್ಚಿತ್ತು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರಿನಿಂದ ಗ್ಯಾಸು ಕೊಡುವ ಈಗಿನ ಸೀಕ್ವೆನ್ಷಿಯಲ್ ಕಿಟ್ಟುಗಳಲ್ಲಿ ಅದು ಓಡಿಸುವವರಿಗೆ ಅಷ್ಟಾಗಿ ಗೊತ್ತಾಗದ ಮಟ್ಟಕ್ಕೆ ಇಳಿದಿದೆ. ಲೊವಾಟೊ, ಬಿಆರ್‌ಸಿ, ಲ್ಯಾಂಡಿ ರೆಂಜೊದಂಥ ಇಟಲಿಯ ತಯಾರಕರ ಹೆಸರುಗಳು ನಮ್ಮ ಗ್ಯಾರೇಜುಗಳಲ್ಲೂ ಬಳಕೆಯಲ್ಲಿವೆ. ನಷ್ಟದ ಎದುರು ಒಂದು ಲಾಭವೂ ಇದೆ: ಎಲ್‌ಪಿಜಿಯ ಆಕ್ಟೇನ್ ಸಂಖ್ಯೆ ನೂರಕ್ಕಿಂತ ಹೆಚ್ಚಿರುವುದರಿಂದ ಭಾರದಲ್ಲಿ ಎಂಜಿನ್ನು ಕಟಕಟ ಎಂದು ಬಡಿದುಕೊಳ್ಳುವ ಸಂಭವ ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನುಗಳಿಗೆ ಇದು ವಿಶೇಷವಾಗಿ ಒಗ್ಗುತ್ತದೆ.

ಕಂಪನಿಯಿಂದಲೇ ಹೀಗೆ ಸಿದ್ಧವಾಗಿ ಬರುವ ಗಾಡಿಗಳು ನಮ್ಮಲ್ಲಿ ಮಾರುತಿ ಓಮ್ನಿ, 2006ರ ವ್ಯಾಗನ್ಆರ್ ಡ್ಯುಯೊದಂಥ ಸಣ್ಣವಕ್ಕೇ ಬಹುಮಟ್ಟಿಗೆ ಸೀಮಿತವಾದವು. ಹೊರದೇಶಗಳಲ್ಲಿ ಹಾಗಲ್ಲ. ಭಾರ ಎಳೆಯುವುದು ದಿನನಿತ್ಯದ ಸಂಗತಿಯಾಗಿರುವ ಆಸ್ಟ್ರೇಲಿಯದಲ್ಲಿ ಫೋರ್ಡ್ ಕಂಪನಿ 2011ರಲ್ಲಿ ಫಾಲ್ಕನ್ ಕಾರಿಗೆ ಎಲ್‌ಪಿಜಿಯನ್ನು ಆವಿ ಮಾಡದೆ ದ್ರವರೂಪದಲ್ಲೇ ಇಂಜೆಕ್ಟ್ ಮಾಡುವ ವ್ಯವಸ್ಥೆ ತಂದಾಗ, ಗಾಳಿ ತಂಪಾಗುವ ಲಾಭ ಮರಳಿ ದೊರೆತು, ಆ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಅದರ ಪೆಟ್ರೋಲ್ ಜೋಡಿಗಿಂತ ತುಸು ಹೆಚ್ಚೇ ಆಯಿತು. ದಕ್ಷಿಣ ಕೊರಿಯ 2019ರಲ್ಲಿ ಎಲ್‌ಪಿಜಿ ಕಾರುಗಳನ್ನು ಯಾರು ಬೇಕಾದರೂ ಕೊಳ್ಳಬಹುದು ಎಂದು ನಿಯಮ ಸಡಿಲಿಸಿದ ವರ್ಷವೇ ಅಲ್ಲಿ ಕ್ಯೂಎಂ6 ಎಂಬ ಎಸ್‌ಯುವಿ ಎಲ್‌ಪಿಜಿಯಲ್ಲಿ ಬಂತು. ನಮಗೆ ಪರಿಚಿತವಾದ ಡಸ್ಟರ್ ಹೆಸರಿನ ಗಾಡಿಯೇ ಯುರೋಪಿನಲ್ಲಿ ಡಾಚಿಯ ಲಾಂಛನದಡಿ ಕಂಪನಿಯದೇ ಎಲ್‌ಪಿಜಿ ಟ್ಯಾಂಕಿನೊಂದಿಗೆ ಮಾರಾಟವಾಗುತ್ತದೆ. ಆದ್ದರಿಂದ ಎಸ್‌ಯುವಿಗೂ ಎಲ್‌ಪಿಜಿಗೂ ಆಗಿಬರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಆ ಎಂಜಿನ್ನುಗಳನ್ನು ಮೊದಲಿನಿಂದಲೇ ಅದಕ್ಕಾಗಿ ಗಟ್ಟಿ ಮಾಡಿರುತ್ತಾರೆ, ನಾವು ಆಮೇಲೆ ಕಿಟ್ ಕೂಡಿಸುತ್ತೇವೆ ಎಂಬುದೇ ವ್ಯತ್ಯಾಸ.

ಗಟ್ಟಿ ಮಾಡಬೇಕಾದ ಜಾಗ ವಾಲ್ವ್ ಸೀಟು. ವಾಲ್ವು ಮುಚ್ಚಿಕೊಂಡಾಗ ಅದರ ಅಂಚು ಕೂರುವ ಉಂಗುರಕ್ಕೆ ಸೀಟು ಎನ್ನುತ್ತಾರೆ. ನಿಮಿಷಕ್ಕೆ ಸಾವಿರಾರು ಬಾರಿ ಅಲ್ಲಿ ಲೋಹ ಲೋಹಕ್ಕೆ ಬಡಿಯುತ್ತದೆ, ಮತ್ತು ವಾಲ್ವು ತನ್ನ ಶಾಖದ ಬಹುಪಾಲನ್ನು ಆ ಸ್ಪರ್ಶದ ಮೂಲಕವೇ ಕಳೆದುಕೊಳ್ಳುತ್ತದೆ. ಎಲ್‌ಪಿಜಿ ಒಣ ಇಂಧನ. ಪೆಟ್ರೋಲ್ ಉರಿಯುವಾಗ ಆ ಅಂಚಿನಲ್ಲಿ ಉಳಿಯುವ ತೆಳು ಪದರದ ರಕ್ಷಣೆ ಇಲ್ಲಿ ಇರುವುದಿಲ್ಲ. ಮೆದು ಲೋಹದ ಸೀಟಾದರೆ ನಿಧಾನವಾಗಿ ಸವೆದು ವಾಲ್ವು ಹೆಡ್ಡಿನೊಳಕ್ಕೆ ಇಳಿಯತೊಡಗುತ್ತದೆ. ಇಳಿದಷ್ಟೂ ಅದರ ದಂಡದ ತುದಿ ಮೇಲೇರಿ, ವಾಲ್ವನ್ನು ಒತ್ತಿ ತೆರೆಯುವ ಕ್ಯಾಮಿಗೂ ಆ ಒತ್ತಡವನ್ನು ವಾಲ್ವಿಗೆ ದಾಟಿಸುವ ಟ್ಯಾಪೆಟ್ಟಿಗೂ ನಡುವೆ ಇರಬೇಕಾದ ಸಂದು ಕಿರಿದಾಗುತ್ತದೆ. ಸಾಮಾನ್ಯವಾಗಿ ಎಂಜಿನ್ನು ಹಳತಾದರೆ ಟ್ಯಾಪೆಟ್ ಸದ್ದು ಮಾಡುತ್ತದೆ. ಇಲ್ಲಿ ಸದ್ದು ಕಡಿಮೆಯಾಗುತ್ತದೆ, ಒಡೆಯ ಎಂಜಿನ್ನು ನಯವಾಯಿತು ಎಂದು ಸಂತೋಷಪಡುತ್ತಾನೆ, ಒಂದು ದಿನ ಸಂದು ಪೂರ್ತಿ ಮುಚ್ಚಿ ವಾಲ್ವು ಸೀಟಿನ ಮೇಲೆ ಕೂರುವುದೇ ನಿಂತು ಸುಟ್ಟುಹೋಗುತ್ತದೆ.

ಭೋಸರಿಯಲ್ಲಿ ವಿಜಯಪುರ ಕಡೆಯ ಮಿಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಗ್ಯಾಸಿನಲ್ಲಿ ಬಹಳ ಓಡಿದ್ದ ಗಾಡಿಯೊಂದರ ಟ್ಯಾಪೆಟ್ ಕವರ್ ಬಿಚ್ಚಿ, ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಬೆರಳಲ್ಲಿ ಬೀಸಣಿಗೆಯಂತೆ ಬಿಡಿಸಿ ಅವರು ಒಂದೊಂದು ವಾಲ್ವನ್ನೂ ಅಳೆಯುತ್ತಿದ್ದರು. ಗಾಳಿ ಒಳಬರುವ ಕಡೆಯ ವಾಲ್ವುಗಳಲ್ಲಿ ಎಲೆ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಹೊಗೆ ಹೋಗುವ ಕಡೆಯ ಮೂರನೆಯ ವಾಲ್ವಿನಲ್ಲಿ 0.30 ಮಿಲಿಮೀಟರಿನ ಎಲೆ ನುಗ್ಗಲಿಲ್ಲ, 0.20ರದ್ದೂ ನುಗ್ಗಲಿಲ್ಲ, 0.10ರದ್ದು ಬಿಗಿಯಾಗಿ ಹಿಡಿಯಿತು. “ನೋಡ್ರಿ ಸರ, ಇನ್ನ ಎರಡು ತಿಂಗಳು ಬಿಟ್ಟಿದ್ರ ಇದು ಸುಟ್ಟು ಹೋಗತಿತ್ತು. ಗ್ಯಾಸಿನ ತಪ್ಪಲ್ಲ ಇದು, ನೋಡದೇ ಇದ್ದವರ ತಪ್ಪು” ಎಂದರು. ಅವರು ಹೇಳಿದ್ದು ನನಗೂ ಸರಿ ಎನ್ನಿಸುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ಟಿನ ಎಂಜಿನ್ನಾದರೆ ಸಂದು ತಾನಾಗಿ ಹೊಂದಿಕೊಳ್ಳುವುದರಿಂದ ಚಿಂತೆ ಸ್ವಲ್ಪ ಕಡಿಮೆ; ಉಳಿದವುಗಳಲ್ಲಿ ತಯಾರಕರು ಹೇಳಿದ ಅವಧಿಗಿಂತ ಬೇಗ, ಟ್ರೇಲರ್ ಎಳೆಯುವವರು ಇನ್ನೂ ಬೇಗ, ಸಂದನ್ನು ಅಳೆಯಿಸಲೇಬೇಕು. ತಮ್ಮ ಎಂಜಿನ್ನಿನ ಸೀಟು ಗಡಸೋ ಮೆದುವೋ ಎಂಬುದನ್ನು ಕಿಟ್ ಹಾಕಿಸುವ ಮೊದಲೇ ಅದೇ ಮಾದರಿಯ ಹೆಡ್ ಬಿಚ್ಚಿ ಅನುಭವವಿರುವ ಮಿಸ್ತ್ರಿಯನ್ನು ಕೇಳಿ ತಿಳಿಯುವುದು ವಿವೇಕ.

ಎಲ್ಲ ಎಸ್‌ಯುವಿಗಳೂ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ರಸ್ತೆಗಳಲ್ಲಿ ಭಾರ ಎಳೆಯಲು ಯೋಗ್ಯವಾದ ದೊಡ್ಡ ಗಾಡಿಗಳಲ್ಲಿ ಹೆಚ್ಚಿನವು ಡೀಸೆಲ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲದಿರುವುದರಿಂದ ಎಲ್‌ಪಿಜಿ ಕಿಟ್ ಕೂಡಿಸಿ ಬರೀ ಗ್ಯಾಸಿನಲ್ಲೇ ಓಡಿಸುವ ಪ್ರಶ್ನೆಯೇ ಬರುವುದಿಲ್ಲ. 2022ರ ಕೇಂದ್ರ ಸರ್ಕಾರದ ಅಧಿಸೂಚನೆ ಬಿಎಸ್6 ಎಂಬ ಈಚಿನ ಹೊಗೆ ಮಾನದಂಡದ ಪೆಟ್ರೋಲ್ ಗಾಡಿಗಳಿಗೆ ಕಿಟ್ ಕೂಡಿಸಲು ಅನುಮತಿ ಕೊಟ್ಟಾಗಲೂ, 3.5 ಟನ್ನಿಗಿಂತ ಕಡಿಮೆ ತೂಕದ ಡೀಸೆಲ್ ಗಾಡಿಗಳಿಗೆ ಎಂಜಿನ್ನನ್ನೇ ಬದಲಿಸುವ ದಾರಿಯನ್ನಷ್ಟೇ ತೆರೆಯಿತು. ಈಚಿನ ಪೆಟ್ರೋಲ್ ಎಸ್‌ಯುವಿಗಳಲ್ಲಿ ಹಲವು ನೇರ ಇಂಜೆಕ್ಷನ್ನಿನವು, ಅಂದರೆ ಅವುಗಳ ಪೆಟ್ರೋಲ್ ಇಂಜೆಕ್ಟರು ಉರಿಯುವ ಕೋಣೆಯೊಳಗೇ ಮೂತಿ ಚಾಚಿರುತ್ತದೆ ಮತ್ತು ಹರಿಯುವ ಪೆಟ್ರೋಲಿನಿಂದಲೇ ತಂಪಾಗುತ್ತದೆ. ಅಂಥ ಎಂಜಿನ್ನಿಗೆ ವಿಶೇಷ ಕಿಟ್ ಬೇಕು, ಗ್ಯಾಸಿನಲ್ಲಿ ಓಡುವಾಗಲೂ ಸ್ವಲ್ಪ ಪೆಟ್ರೋಲ್ ಹರಿಯುತ್ತಲೇ ಇರಬೇಕು, ಉಳಿತಾಯ ಅಷ್ಟರಮಟ್ಟಿಗೆ ಕಡಿಮೆ. ಗಾಳಿಯ ಕೊಳವೆಯೊಳಕ್ಕೆ ಪೆಟ್ರೋಲ್ ಚಿಮ್ಮಿಸುವ ಹಿಂದಿನ ಪೀಳಿಗೆಯ ಎಂಜಿನ್ನುಗಳೇ ಈ ಪ್ರಯೋಗಕ್ಕೆ ತಕ್ಕವು.

ಟ್ಯಾಂಕಿನ ವಿಚಾರದಲ್ಲಿ ಎಲ್‌ಪಿಜಿಗೆ ನಿಜವಾದ ಮೇಲುಗೈ ಇದೆ. ಸಿಎನ್‌ಜಿಯನ್ನು 200 ಬಾರ್ ಒತ್ತಡದಲ್ಲಿ ತುಂಬಬೇಕು. ಎಲ್‌ಪಿಜಿಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. 60 ಲೀಟರ್ ಗಾತ್ರದ ಸಿಎನ್‌ಜಿ ಸಿಲಿಂಡರ್ ಹೆಚ್ಚೆಂದರೆ 10 ಕಿಲೋ ಅನಿಲ ಹಿಡಿಯುತ್ತದೆ, ಡಿಕ್ಕಿಯನ್ನು ನುಂಗುತ್ತದೆ. ಅದೇ ಗಾತ್ರದ ಎಲ್‌ಪಿಜಿ ಟ್ಯಾಂಕು, ಬಿಸಿಲಿಗೆ ದ್ರವ ಹಿಗ್ಗಲು ಜಾಗವಿರಲೆಂದು ಶೇಕಡಾ 80ರಷ್ಟು ಮಾತ್ರ ತುಂಬಿದರೂ, 48 ಲೀಟರ್ ಗ್ಯಾಸು ಹಿಡಿದು, ಶಕ್ತಿಯ ಲೆಕ್ಕದಲ್ಲಿ ಸಿಎನ್‌ಜಿಯ ಎರಡೂವರೆ ಪಟ್ಟಿನಷ್ಟನ್ನು ಹೊರುತ್ತದೆ. ಉದ್ದಿನ ವಡೆಯ ಆಕಾರದ ಟ್ಯಾಂಕಾದರೆ ಸ್ಟೆಪ್ನಿಯ ಜಾಗದಲ್ಲೇ ಕೂರುತ್ತದೆ. ಆ 48 ಲೀಟರಿಗೆ ಟ್ರೇಲರ್ ಇಲ್ಲದೆ 380 ಕಿಲೋಮೀಟರಿನಷ್ಟು ಹೋಗಬಹುದು, ಅಂದರೆ ಪುಣೆಯಿಂದ ಬೆಳಗಾವಿಯ ಮನೆಯ ಬಾಗಿಲಿಗೆ. ಟ್ರೇಲರ್ ಇದ್ದರೆ 270 ಕಿಲೋಮೀಟರಿಗೆ ಮುಗಿದು, ಕೊಲ್ಹಾಪುರ ದಾಟಿ ನಿಪ್ಪಾಣಿಯ ಆಸುಪಾಸಿನಲ್ಲಿ ಗಾಡಿ ಪೆಟ್ರೋಲಿಗೆ ಹೊರಳುತ್ತದೆ. ಬೆಂಗಳೂರಿನ ಆಟೋಗಳು ಎಲ್‌ಪಿಜಿಯನ್ನೇ ನೆಚ್ಚಿಕೊಂಡಿರುವುದರಿಂದ ಅಲ್ಲಿ ಪಂಪು ಹುಡುಕುವುದು ಸುಲಭ. ಪುಣೆ, ಮುಂಬಯಿಗಳಲ್ಲಿ ಆಟೋಗಳು ಸಿಎನ್‌ಜಿಗೆ ಒಲಿದಿವೆ, ಎಲ್‌ಪಿಜಿ ಪಂಪುಗಳು ವಿರಳ. ದೂರ ಹೊರಡುವ ಮುನ್ನ ದಾರಿಯ ಪಂಪುಗಳಿಗೆ ಫೋನ್ ಮಾಡಿ ಗ್ಯಾಸು ಇದೆಯೇ ಎಂದು ಕೇಳಿಕೊಳ್ಳುವುದು ಒಳಿತು. ಪೆಟ್ರೋಲ್ ಟ್ಯಾಂಕಿನಲ್ಲೂ ಕಾಲು ಭಾಗವಾದರೂ ಇರಲಿ. ಒಳಗೆ ಮುಳುಗಿರುವ ಪಂಪು ತಂಪಾಗಿರುವುದು ಆ ಪೆಟ್ರೋಲಿನಿಂದ.

ತೂಕ ಎಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ತುಂಬಿದ ಎಲ್‌ಪಿಜಿ ಟ್ಯಾಂಕು 60ರಿಂದ 70 ಕಿಲೋ ತೂಗಿ ಹಿಂದಿನ ಅಚ್ಚಿನ ಹಿಂದೆ ಕೂರುತ್ತದೆ, ಜಾಗ ಕಳೆದುಕೊಂಡ ಸ್ಟೆಪ್ನಿ ಡಿಕ್ಕಿಗೆ ಬರುತ್ತದೆ. ಟ್ರೇಲರ್ ತನ್ನ ಮೂತಿಯಿಂದ ಕೊಕ್ಕೆಯ ಮೇಲೆ 80 ಕಿಲೋ ಒತ್ತುತ್ತದೆ ಎನ್ನಿ. ಕೊಕ್ಕೆ ಹಿಂದಿನ ಅಚ್ಚಿನಿಂದ 1.1 ಮೀಟರ್ ಹಿಂದಿದ್ದು, ಎರಡು ಅಚ್ಚುಗಳ ನಡುವಿನ ಅಂತರ 2.7 ಮೀಟರ್ ಆಗಿದ್ದರೆ, ಸನ್ನೆಗೋಲಿನ ಲೆಕ್ಕದಂತೆ ಹಿಂದಿನ ಅಚ್ಚಿಗೆ ಸುಮಾರು 113 ಕಿಲೋ ಹೊರೆ ಬೀಳುತ್ತದೆ, ಮುಂದಿನ ಚಕ್ರಗಳಿಂದ ಸುಮಾರು 33 ಕಿಲೋ ಎದ್ದುಹೋಗುತ್ತದೆ. ಸ್ಟೀರಿಂಗು ಹಗುರವಾಯಿತು ಎನ್ನಿಸುವುದು ಆಗಲೇ. ಹಾಗೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ದೂಡಿ ಮೂತಿಯನ್ನು ಹಗುರ ಮಾಡಿದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ಅದು ಇನ್ನೂ ಅಪಾಯ. ಡಿಕ್ಕಿಯ ಸಾಮಾನನ್ನು ಕಡಿಮೆ ಮಾಡುವುದೇ ಸರಿಯಾದ ದಾರಿ.

ಕಾನೂನಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ. ಅಡುಗೆಯ 14.2 ಕಿಲೋ ಸಿಲಿಂಡರನ್ನೋ ಹೋಟೆಲಿನ 19 ಕಿಲೋದ್ದನ್ನೋ ಗಾಡಿಗೆ ಜೋಡಿಸುವುದು ಅಪರಾಧ. 2001ರ ಪ್ರತ್ಯೇಕ ಆದೇಶವೊಂದು ವಾಹನಗಳಲ್ಲಿ ಎಲ್‌ಪಿಜಿ ಬಳಕೆಯನ್ನು ನಿಯಂತ್ರಿಸುತ್ತದೆ, ಆಟೋ ಎಲ್‌ಪಿಜಿಗೆ ಐಎಸ್ 14861 ಎಂಬ ಬೇರೆಯೇ ಮಾನದಂಡವಿದೆ. ಗಾಡಿಯ ಟ್ಯಾಂಕಿನಲ್ಲಿ ಶೇಕಡಾ 80ಕ್ಕೆ ತಾನಾಗಿ ನಿಲ್ಲಿಸುವ ವಾಲ್ವು, ಒತ್ತಡ ಮಿತಿಮೀರಿದರೆ ಬಿಡುವ ವಾಲ್ವು, ಕೊಳವೆ ತುಂಡಾದರೆ ಹರಿವನ್ನು ಕತ್ತರಿಸುವ ವಾಲ್ವು ಇರುತ್ತವೆ. ಅಡುಗೆ ಸಿಲಿಂಡರಿನಲ್ಲಿ ಇವೆಲ್ಲ ಎಲ್ಲಿ? ಕಿಟ್ಟು ಆ ಗಾಡಿಯ ಮಾದರಿಗೆ ಒಪ್ಪಿಗೆ ಪಡೆದದ್ದಾಗಿರಬೇಕು. ಅಂಥ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ ನಮ್ಮ ಕೊಥ್ರೂಡಿನ ವೇತಾಳ ಟೇಕಡಿಯ ಮೇಲೆಯೇ ಇದೆ. ಕೂಡಿಸಿದ ಮೇಲೆ ಆರ್‌ಟಿಓದಲ್ಲಿ ಆರ್‌ಸಿಯಲ್ಲಿ ಇಂಧನದ ನಮೂದು ಬದಲಾಗಬೇಕು, ವಿಮೆಯವರಿಗೆ ತಿಳಿಸಬೇಕು. ತಿಳಿಸದಿದ್ದರೆ ಅಪಘಾತದ ದಿನ ಪರಿಹಾರಕ್ಕೆ ಕಲ್ಲು ಬೀಳುತ್ತದೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಎಷ್ಟು ತೂಕ ಎಳೆಯಬಹುದೆಂದು ಗಾಡಿಯ ಕೈಪಿಡಿಯಲ್ಲಿ ಬರೆದಿರದಿದ್ದರೆ ಎಳೆಯಬಾರದು ಎಂದೇ ನಾನು ತಿಳಿಯುತ್ತೇನೆ.

ಸುರಕ್ಷತೆಯಲ್ಲಿ ಒಂದೇ ಒಂದು ಗುಣವನ್ನು ನೆನಪಿಟ್ಟುಕೊಂಡರೆ ಸಾಕು: ಸಿಎನ್‌ಜಿ ಸೋರಿದರೆ ಮೇಲೆ ಹಾರುತ್ತದೆ, ಎಲ್‌ಪಿಜಿ ಸೋರಿದರೆ ನೆಲದ ಮೇಲೆ ಹರಿಯುತ್ತದೆ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ ಆ ಆವಿ ಮುಂಬಯಿಯ ಸೊಸೈಟಿಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ, ಚರಂಡಿಯಲ್ಲಿ ತಂಗಿಬಿಡುತ್ತದೆ. ವಾಸನೆ ಬಂದರೆ ಗಾಡಿಯನ್ನು ಶುರು ಮಾಡಿ ಹೊರತರಲು ಹೋಗಬಾರದು, ಲೈಟಿನ ಸ್ವಿಚ್ಚು ಮುಟ್ಟಬಾರದು, ಜನರನ್ನು ದೂರ ಕಳುಹಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು.

ಹೋಟೆಲಿನವರು ಎರಡು ವಾರ ಯೋಚಿಸಿ ಕಿಟ್ ಹಾಕಿಸಿಕೊಂಡರು, ಕಾತ್ರಜ್ ಘಾಟಿನ ಅರ್ಧ ದಿನವನ್ನೂ ಕೊಟ್ಟರು. ಅವರ ಡ್ಯಾಶ್‌ಬೋರ್ಡಿನಲ್ಲಿ ಈಗ ಬೆರಳಗಲದ ಒಂದು ಸ್ವಿಚ್ಚಿದೆ, ಅದರ ಮೇಲೆ ಗ್ಯಾಸಿನ ಮಟ್ಟ ತೋರಿಸುವ ನಾಲ್ಕು ಹಸಿರು ದೀಪಗಳಿವೆ. ಟ್ರೇಲರ್ ಕಟ್ಟಿಕೊಂಡು ಮುಂಬಯಿಯಿಂದ ಮರಳುವಾಗ ಖೋಪೋಲಿಯಲ್ಲಿ ಅದನ್ನು ಒತ್ತಿ ಪೆಟ್ರೋಲಿಗೆ ಬರುತ್ತಾರೆ, ಘಾಟು ಮುಗಿದು ಲೋಣಾವಳ ಕಂಡಾಗ ಮತ್ತೆ ಒತ್ತಿ ಗ್ಯಾಸಿಗೆ ಹೋಗುತ್ತಾರೆ. ಆ ಕಾಲು ಗಂಟೆಯಲ್ಲಿ ಎರಡು ಮೂರು ಲೀಟರ್ ಪೆಟ್ರೋಲ್ ಹೋಗುತ್ತದೆ ಎಂದು ಗಲ್ಲಾಪೆಟ್ಟಿಗೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಪಕ್ಕದಲ್ಲಿ ಒಂದೇ ಪದ: “ವಾಲ್ವಿಗೆ.”